ಹಳೆ ಕಂಪ್ಯೂಟರಿಗೆ ಹೊಸ ಬಿಡಿಭಾಗ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಮಂಡ್ಯ ಜಿಲ್ಲೆಯ ಈ ನಾಲ್ಕೂ ಊರುಗಳಲ್ಲಿ ಜೆರಾಕ್ಸ್, ಡಿ.ಟಿ.ಪಿ. ಅಂಗಡಿಗಳಿವೆ. ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ ಎಲ್ಲಕ್ಕೂ ಜನ ಅಲ್ಲಿಗೇ ಬರುತ್ತಾರೆ. ಹತ್ತು-ಹನ್ನೆರಡು ವರ್ಷ ಹಳೆಯ ಡೆಸ್ಕ್‌ಟಾಪುಗಳು ಇಂಥ ಕಡೆ ಇನ್ನೂ ದುಡಿಯುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲಂತೂ, ಇವನ್ನು ಬಿಸಾಡಬೇಕೋ ದುರಸ್ತಿ ಮಾಡಿಸಬೇಕೋ ಎಂಬ ಪ್ರಶ್ನೆ ಎಲ್ಲರ ಮುಂದಿದೆ.

ದುರಸ್ತಿಗೆ ಹೊರಟವರು ಮೊದಲು ಕೇಳುವುದು ಗ್ರಾಫಿಕ್ಸ್ ಕಾರ್ಡನ್ನು. ಮೊದಲು ನೋಡಬೇಕಾದದ್ದು ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್ಸನ್ನು.

ಪೆಟ್ಟಿಗೆಯ ಪಕ್ಕದ ತಗಡು ತೆಗೆದರೆ ಹಿಂಬದಿಯ ಮೂಲೆಯಲ್ಲಿ ಅದು ಕಾಣುತ್ತದೆ. ಮೈಮೇಲೆ ಒಂದು ಚೀಟಿ. ದೊಡ್ಡ ಅಂಕಿಯಲ್ಲಿ 450 ವ್ಯಾಟ್ ಎಂದಿರುತ್ತದೆ. ಆ ಅಂಕಿಯನ್ನು ನಂಬಿ ಕೆಟ್ಟವರು ಬಹಳ. ಕೆಳಗಿನ ಪುಟ್ಟ ಕೋಷ್ಟಕದಲ್ಲಿ 12 ವೋಲ್ಟಿನ ಸಾಲು ಹುಡುಕಬೇಕು. ಅಲ್ಲಿ 16 ಆಂಪಿಯರ್ ಎಂದಿದ್ದರೆ, ಹನ್ನೆರಡು ಹದಿನಾರಲೆ 192 ವ್ಯಾಟ್. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಮುಖ್ಯ ಆಹಾರ ಬರುವುದು ಈ ಸಾಲಿನಿಂದಲೇ. 2011ರ ಇಂಟೆಲ್ ಐ5-2400 ಪ್ರೊಸೆಸರಿಗೆ 95 ವ್ಯಾಟ್. ಅದರ ಪಕ್ಕಕ್ಕೆ 170 ವ್ಯಾಟಿನ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು ಕೂರಿಸಿದರೆ 265, ಅಂದರೆ 192ನ್ನು ಮೀರಿತು. ಕೆಲಸದ ಹೊರೆ ಬಿದ್ದ ಕೂಡಲೇ ಯಂತ್ರ ತಾನಾಗಿ ಆರಿಹೋಗುತ್ತದೆ. ಮದರ್‌ಬೋರ್ಡಿನ ಸ್ಲಾಟು ಕೊಡಬಲ್ಲದ್ದು 75 ವ್ಯಾಟ್ ಮಾತ್ರ. 30 ವ್ಯಾಟಿನ ಜಿಟಿ 1030ರಂಥ ಕಾರ್ಡು ಅಷ್ಟರಲ್ಲೇ ಸುಖವಾಗಿರುತ್ತದೆ.

ಬೇಡಿಕೆಗೆ ತಕ್ಕ ಪೂರೈಕೆ ನೋಡಿಕೊಳ್ಳುವುದು ಮಂಡ್ಯ ಸೀಮೆಗೆ ಹೊಸತಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದದ್ದು 1902ರಲ್ಲಿ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಉತ್ಪಾದನೆಯೂ ಸೊರಗುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಅದೂ ಒಂದು ಕಾರಣ.

ಇನ್ನು ಹೊಂದಾಣಿಕೆ. ಡಿಡಿಆರ್3 ರ್‍ಯಾಮ್ 1.5 ವೋಲ್ಟಿನದು, ಡಿಡಿಆರ್4 1.2 ವೋಲ್ಟಿನದು, ಕಚ್ಚಿನ ಜಾಗವೇ ಬೇರೆಯಾದ್ದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಒತ್ತಿ ಕೂರಿಸಹೋದರೆ ಬೋರ್ಡೇ ಹಾಳು. ಕಚೇರಿಗಳಿಂದ ಸೆಕೆಂಡ್‌ಹ್ಯಾಂಡಾಗಿ ಬರುವ ಡೆಲ್ ಆಪ್ಟಿಪ್ಲೆಕ್ಸ್ 3020ರಂಥವುಗಳಲ್ಲಿ ಬೋರ್ಡಿನ ಪವರ್ ಕನೆಕ್ಟರು 8 ಪಿನ್ನಿನದು. ಮಾರುಕಟ್ಟೆಯ 24 ಪಿನ್ನಿನ ಎಸ್‌ಎಂಪಿಎಸ್ ಅದಕ್ಕೆ ನೇರವಾಗಿ ಸೇರದು, ಅಡಾಪ್ಟರ್ ಬೇಕು. ವಿಂಡೋಸ್ 11ಕ್ಕಂತೂ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಕೋರ್ ಆದರೆ ಎಂಟನೇ ತಲೆಮಾರಿನದಾದರೂ ಆಗಿರಬೇಕು. ಬೋರ್ಡು ಬದಲಿಸುವವರು ಹಳೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಮರೆಯಬಾರದು. ಅದರ ಪ್ಯಾರಲಲ್ ಪೋರ್ಟು ಹೊಸ ಬೋರ್ಡುಗಳಲ್ಲಿ ಸಿಗುವುದೇ ಅಪರೂಪ.

ಬಿಲ್ಲಿನ ವಿಷಯ ಸಣ್ಣದು, ಆದರೂ ಲೆಕ್ಕಕ್ಕುಂಟು. 100 ವ್ಯಾಟ್ ಎಳೆಯುವ ಕಂಪ್ಯೂಟರು ದಿನಕ್ಕೆ 6 ಗಂಟೆ ಓಡಿದರೆ ತಿಂಗಳಿಗೆ 18 ಯೂನಿಟ್. ಮನೆಯಲ್ಲಿದ್ದರೆ ಗೃಹಜ್ಯೋತಿ ಯೋಜನೆಯ ಉಚಿತ ಯೂನಿಟ್ಟುಗಳ ಲೆಕ್ಕಕ್ಕೆ ಇದೂ ಸೇರುತ್ತದೆ. ಹಳೆ ದಪ್ಪ ಮಾನಿಟರು ತೆಗೆದು ಎಲ್‌ಇಡಿ ಇಟ್ಟರೆ ಉಳಿತಾಯ ಕಣ್ಣಿಗೆ ಕಾಣುತ್ತದೆ. ಟೈಪಿಂಗು, ಆನ್‌ಲೈನ್ ಅರ್ಜಿ ಇಷ್ಟೇ ಕೆಲಸವಿರುವವರು ಗ್ರಾಫಿಕ್ಸ್ ಕಾರ್ಡಿನ ದುಡ್ಡನ್ನು ಎಸ್‌ಎಸ್‌ಡಿಗೆ ಹಾಕುವುದು ಮೇಲು: ಸಾಟಾ ಪೋರ್ಟಿದ್ದರೆ ಸಾಕು, ಹಾರ್ಡ್ ಡಿಸ್ಕಿಗಿಂತ ಕಮ್ಮಿ ವಿದ್ಯುತ್ತು, ಯಂತ್ರ ಶುರುವಾಗಲು ಹಿಡಿಯುವ ಹೊತ್ತೂ ಕಮ್ಮಿ. ಹೊರೆ ಹೆಚ್ಚದ್ದರಿಂದ, ಇದಕ್ಕಾಗಿ ಹಳೆ ಯುಪಿಎಸ್ಸನ್ನೂ ಬದಲಿಸುವ ಅಗತ್ಯ ಬೀಳುವುದಿಲ್ಲ.