ಗಾಜಿನ ತೊಟ್ಟಿಯಲ್ಲಿ ಕಾಂಡ್ಲ

ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಇಳಿಯುವವರು ಪಾಲಾರ್ ಹೊಳೆಯನ್ನು ದಾಟಿರುತ್ತೀರಿ. ಆ ಹೊಳೆ ಕಾವೇರಿಯನ್ನು ಸೇರುತ್ತದೆ. ಕಾವೇರಿ ಮೆಟ್ಟೂರು ಜಲಾಶಯವನ್ನು ದಾಟಿ ಮುಂದೆ ಹಲವು ಕವಲಾಗಿ ಒಡೆಯುತ್ತದೆ. ಅವುಗಳಲ್ಲಿ ಕೊಳ್ಳಿಡಂ ಎಂಬುದು ಸಮುದ್ರ ಸೇರುವ ಕಡೆ, ಚಿದಂಬರದ ಹತ್ತಿರ ಪಿಚ್ಚಾವರಂ ಎಂಬಲ್ಲಿ, ಉಪ್ಪುನೀರಿನಲ್ಲಿಯೇ ಬೇರೂರಿ ನಿಂತ ಕಾಡೊಂದಿದೆ. ನಮ್ಮ ನಾಡಿನಲ್ಲಿ ಕುಮಟೆಯ ಬಳಿಯ ಅಘನಾಶಿನಿ ಅಳಿವೆಯಲ್ಲಿಯೂ ಕುಂದಾಪುರದ ಅಳಿವೆಯಲ್ಲಿಯೂ ಇಂಥ ಮರಗಳಿವೆ. ಕರಾವಳಿಯ ಜನ ಇವನ್ನು ಕಾಂಡ್ಲ ಎನ್ನುತ್ತಾರೆ.

ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿರುವ ನಮಗೆ ಈ ಮರದ ಗೊಡವೆ ಏತಕ್ಕೆ ಎಂದು ನೀವು ಕೇಳಬಹುದು. ಸಮುದ್ರದ ಮೀನನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸ ಈಗ ಒಳನಾಡಿಗೂ ಬಂದಿದೆ. ಮೀನಿನ ತೊಟ್ಟಿಗೆ ಜೋಡಿಸಿದ ಮತ್ತೊಂದು ಸಣ್ಣ ತೊಟ್ಟಿಯಲ್ಲಿ ಕಾಂಡ್ಲದ ಸಸಿ ಬೆಳೆಸುವವರಿದ್ದಾರೆ. ನೀರು ಎರಡು ತೊಟ್ಟಿಗಳ ನಡುವೆ ಸುತ್ತುತ್ತಿರುತ್ತದೆ. ಮೀನಿನ ಕಾಟವಿಲ್ಲದ ಈ ಕೋಣೆಯಲ್ಲಿ ಗಿಡವೂ ಸಣ್ಣ ಜಲಜೀವಿಗಳೂ ನೆಮ್ಮದಿಯಾಗಿ ಬೆಳೆಯುತ್ತವೆ.

ಇದರ ಪ್ರಯೋಜನವೇನು? ಮೀನಿನ ಮಲದಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಹುಟ್ಟುತ್ತದೆ. ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಲಕ್ಕೆ ಗೊಬ್ಬರವಾಗುವ ಈ ನೈಟ್ರೇಟ್ ತೊಟ್ಟಿಯಲ್ಲಿ ಸೇರುತ್ತ ಹೋದರೆ ನೀರು ಕೆಡುತ್ತದೆ. ಗಿಡ ಅದನ್ನು ಹೀರಿ ಎಲೆಯಾಗಿ ಕಟ್ಟಿಕೊಳ್ಳುತ್ತದೆ. ಆದರೆ ಕಾಂಡ್ಲದ ಬೆಳವಣಿಗೆ ನಿಧಾನ. ನಾಲ್ಕು ಸಸಿ ನೆಟ್ಟ ಮಾತ್ರಕ್ಕೆ ನೀರು ಬದಲಿಸುವ ಕೆಲಸ ತಪ್ಪಿತೆಂದು ಭಾವಿಸಕೂಡದು.

ನೆಡುವ ಕ್ರಮ ಸುಲಭ. ರೈಜೋಫೊರ ಎಂಬ ಜಾತಿಯ ಕಾಂಡ್ಲದಲ್ಲಿ ಬೀಜ ತಾಯಿಮರದ ಮೇಲೆಯೇ ಮೊಳೆತು, ನುಗ್ಗೇಕಾಯಿಯಂತೆ ಉದ್ದವಾದ ಹಸಿರು ಮೊಳಕೆಯಾಗಿ ಜೋತಾಡಿ, ಬಲಿತ ಮೇಲೆ ಕಳಚಿಕೊಳ್ಳುತ್ತದೆ. ಅದರ ಬೇರಿನ ತುದಿ ಕೆಳಗಿರುವಂತೆ ಮರಳಿನಲ್ಲಿ ಊರಿರಿ. ಚಿಗುರುವ ತುದಿ ನೀರಿನಿಂದ ಮೇಲಿರಲಿ. ಒಳ್ಳೆಯ ಬೆಳಕು ಬೇಕು. ಬೇರು ಬಿಟ್ಟಿದೆಯೇ ಎಂದು ದಿನವೂ ಕಿತ್ತು ನೋಡುವ ಕುತೂಹಲ ಬೇಡ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಎಂದರೆ ನೂರು ಲೀಟರಿಗೆ ಮೂರೂವರೆ ಕಿಲೋ ಆಯಿತು. ಇದಕ್ಕೆ ಅಡಿಗೆಯ ಉಪ್ಪು ಸಲ್ಲದು. ಎಲೆಯ ಹಸಿರಿಗೆ ಬೇಕಾದ ಮೆಗ್ನೀಸಿಯಂ ಮೊದಲಾದುವು ಸೇರಿರುವ, ಮೀನಿನ ತೊಟ್ಟಿಗೆಂದೇ ಮಾರುವ ಸಮುದ್ರದ ಉಪ್ಪನ್ನೇ ಬಳಸಬೇಕು. ಬೇಸಗೆಯಲ್ಲಿ ನೀರು ಆವಿಯಾಗಿ ಇಳಿದರೆ ಸಿಹಿನೀರನ್ನೇ ತುಂಬಿರಿ. ಆವಿಯಾಗುವುದು ನೀರು ಮಾತ್ರ. ಉಪ್ಪು ಅಲ್ಲಿಯೇ ಉಳಿದಿರುತ್ತದೆ. ಅಳಿವೆಯಲ್ಲಿ ಎಲೆಗಳನ್ನು ತೊಳೆಯುವ ಮಳೆ ಮನೆಯೊಳಗಿಲ್ಲವಾದ್ದರಿಂದ ಆಗಾಗ ಒದ್ದೆ ಬಟ್ಟೆಯಿಂದ ಎಲೆಗಳನ್ನು ಒರೆಸುವುದು ಒಳ್ಳೆಯದು.

ಇನ್ನು ಸವರುವ ವಿಚಾರ. ಇಲ್ಲಿ ತಪ್ಪಿದರೆ ಗಿಡ ಸಾಯಬಹುದು. ನಮ್ಮ ಕಡೆಯ ಹೊಂಗೆಯನ್ನು ಬುಡಕ್ಕೆ ಕಡಿದರೂ ಮತ್ತೆ ಚಿಗುರುತ್ತದೆ. ಅದೇ ಧೈರ್ಯದಿಂದ ಕಾಂಡ್ಲಕ್ಕೆ ಕತ್ತರಿ ಹಾಕಬಾರದು. ರೈಜೋಫೊರದ ಬಲಿತ ಕೊಂಬೆಯಲ್ಲಿ ಮಲಗಿರುವ ಮೊಗ್ಗುಗಳಿಗೆ ಜೀವವಿರುವುದಿಲ್ಲ. ಎಲೆಗಳಿಲ್ಲದ ಕಡೆ ಕತ್ತರಿಸಿದ ಕೊಂಬೆ ಸಾಮಾನ್ಯವಾಗಿ ಒಣಗಿಹೋಗುತ್ತದೆ. ಆದ್ದರಿಂದ ಮೂರು ನಾಲ್ಕು ಜೊತೆ ಎಲೆ ಬಂದ ಮೇಲೆ, ಗಿಡ ಎಳೆಯದಾಗಿರುವಾಗಲೇ, ತುದಿಯ ಮೃದುವಾದ ಕುಡಿಯನ್ನು ಮಾತ್ರ ಚಿವುಟಿರಿ. ಕೆಳಗಿನ ಗಿಣ್ಣುಗಳಿಂದ ಪಕ್ಕದ ಕವಲೊಡೆದು ಗಿಡ ಗಿಡ್ಡವಾಗಿ ದಟ್ಟವಾಗುತ್ತದೆ. ಒಂದು ಸಲ ಚಿವುಟಿದ ಮೇಲೆ ಹೊಸ ಎಲೆಗಳು ಬಲಿಯುವ ತನಕ ಕಾಯಬೇಕು. ಗಾಳಿಯಲ್ಲಿ ಇಳಿಬಿದ್ದ ಊರುಗೋಲಿನಂಥ ಬೇರುಗಳು ಉಸಿರಾಟಕ್ಕೆ ಇರುವುವು. ಅಂದಕ್ಕಾಗಿ ಅವನ್ನು ಕತ್ತರಿಸಬೇಡಿ.

ಚಿವುಟಿದ ಕುಡಿಯನ್ನೂ ಹಳದಿಯಾಗಿ ಉದುರಿದ ಎಲೆಯನ್ನೂ ಕೂಡಲೆ ಹೊರಗೆ ತೆಗೆಯಿರಿ. ನೀರಿನಲ್ಲಿಯೇ ಕೊಳೆತರೆ ಗಿಡ ಹೀರಿದ್ದೆಲ್ಲ ಮರಳಿ ನೀರಿಗೇ ಸೇರುತ್ತದೆ. ನೀರು ಶುದ್ಧವಾಗುವುದು ಎಲೆ ಬೆಳೆದಾಗಲ್ಲ, ಅದು ತೊಟ್ಟಿಯಿಂದ ಆಚೆ ಹೋದಾಗ.

ತಪ್ಪಾಗಿ ಕಡಿದರೆ ಏನಾಗುವುದೆಂಬುದಕ್ಕೆ ನಮ್ಮ ಕಾವೇರಿಯ ಕೊನೆಯಲ್ಲಿಯೇ ದೊಡ್ಡ ನಿದರ್ಶನವಿದೆ. ಪಿಚ್ಚಾವರಂನಲ್ಲಿ ಹಿಂದೆ ಕಾಡನ್ನು ಪಟ್ಟೆಪಟ್ಟೆಯಾಗಿ ಪೂರ್ತಿ ಕಡಿಯುವ ಪದ್ಧತಿಯಿತ್ತು. ಬಯಲಾದ ನೆಲದ ನೀರು ಬಿಸಿಲಿಗೆ ಆರಿತು, ನೆಲ ಕುಸಿದು ತಗ್ಗಾಯಿತು. ಅಲ್ಲಿ ನಿಂತ ಉಬ್ಬರದ ನೀರು ಹೊರಹೋಗದೆ ಆವಿಯಾಗುತ್ತ ಉಪ್ಪು ಮಿತಿಮೀರಿ, ಮತ್ತೆ ಸಸಿ ಏಳಲಿಲ್ಲ. 1990ರ ದಶಕದಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರೂ ತಮಿಳುನಾಡಿನ ಅರಣ್ಯ ಇಲಾಖೆಯವರೂ ಊರವರೊಡನೆ ಸೇರಿ ಕಾಲುವೆ ತೋಡಿ, ಉಬ್ಬರವಿಳಿತ ಹರಿಯುವಂತೆ ಮಾಡಿ, ಸಸಿ ನೆಟ್ಟ ಮೇಲೆಯೇ ಹಸಿರು ಮರಳಿತು.

ಆದ್ದರಿಂದ ಅಳಿವೆಗೆ ಪ್ರವಾಸ ಹೋದಾಗ ಸಸಿಯನ್ನು ಕಿತ್ತು ತರಬೇಡಿ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಕಾಂಡ್ಲವನ ಅತಿ ಸೂಕ್ಷ್ಮ ಪ್ರದೇಶಗಳ ಸಾಲಿಗೆ ಸೇರಿದೆ. ಅಘನಾಶಿನಿ ಅಳಿವೆ ರಾಮ್ಸರ್ ತಾಣವಾಗಿದೆ. ಮೊಳಕೆ ಬೇಕಾದವರು ಅರಣ್ಯ ಇಲಾಖೆಯವರನ್ನು ಕೇಳಿ, ಅವರ ಒಪ್ಪಿಗೆಯಿಂದಲೇ ಪಡೆಯುವುದು ಸರಿ. ಒಂದೇ ಒಂದು ಸಸಿ ಸಾಕು. ಅದನ್ನು ಚೆನ್ನಾಗಿ ನೋಡಿಕೊಂಡರೆ, ಸಮುದ್ರವನ್ನೇ ಕಾಣದ ನಮ್ಮೂರ ಮಕ್ಕಳಿಗೂ ಬೆಟ್ಟದ ನೀರು ಹೋಗಿ ಸೇರುವ ಜಾಗದ ಮರ ಎಂಥದೆಂಬುದು ಮನೆಯಲ್ಲಿಯೇ ತಿಳಿಯುತ್ತದೆ.