ಕೃಷ್ಣೆಯ ಕಿರುಮೀನುಗಳು: ಗುರುತಿಸುವ ಕ್ರಮ

ಬೆಟ್ಟದ ಹಳ್ಳದಲ್ಲಿ ಸಿಕ್ಕ ಬೆರಳುದ್ದದ ಮೀನು ಯಾವುದೆಂದು ತಿಳಿಯಲು ನಾಲ್ಕು ಸಂಗತಿಗಳನ್ನು ನೋಡಬೇಕು: ದೇಹದ ರಚನೆ, ಎಣಿಕೆಗೆ ಸಿಗುವ ಅಂಗಗಳು, ಬಣ್ಣ, ಸಿಕ್ಕ ನದಿ. ನೋಡುವುದೂ ಇದೇ ಕ್ರಮದಲ್ಲಿ. ಬಣ್ಣಕ್ಕೆ ಮೂರನೆಯ ಸ್ಥಾನ ಸಿಗಲು ಕಾರಣವಿದೆ. ಮರಿ ಮಾಡುವ ಕಾಲಕ್ಕೆ ಗಂಡು ಕೆಂಪೇರುತ್ತದೆ, ರಾಡಿ ನೀರಿನ ಮೀನು ಬಿಳಿಚಿಕೊಂಡಿರುತ್ತದೆ, ಸತ್ತ ಮೀನಿನ ಹೊಳಪು ಬೇಗನೆ ಆರಿಹೋಗುತ್ತದೆ. ಮುಳ್ಳು, ಬಾಯಿ, ಹುರುಪೆಗಳು ಹಾಗೆ ಬದಲಾಗುವುದಿಲ್ಲ.

ದೇವದುರ್ಗ ತಾಲ್ಲೂಕಿನ ಗೂಗಲ್ ಬಳಿ ಹರಿಯುವ ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟಿದ್ದು. ಅಂಬೋಲಿಯ ಹಿರಣ್ಯಕೇಶಿಯೂ ಘಟಪ್ರಭೆಯ ಮೂಲಕ ಕೃಷ್ಣೆಯನ್ನೇ ಸೇರುತ್ತದೆ. ಗೂಗಲ್ ದಾಟಿದ ಮೇಲೆ ರಾಯಚೂರು ತಾಲ್ಲೂಕಿನಲ್ಲಿ ಭೀಮೆ ಕೂಡಿಕೊಳ್ಳುತ್ತದೆ. ಮಾನ್ವಿಯ ಕಡೆಯ ತುಂಗಭದ್ರೆಯೂ ಸಹ್ಯಾದ್ರಿಯ ನೀರೇ. ಈ ಹೊಳೆಗಳ ತಲೆಭಾಗದ ಹಳ್ಳಗಳೇ ಇಲ್ಲಿನ ವಿವರಣೆಯ ಕ್ಷೇತ್ರ.

ರಚನೆ

ಮೊದಲು ಮೀನನ್ನು ಅಂಗಾತ ಹಿಡಿದು ತಳಭಾಗ ನೋಡಬೇಕು. ರಭಸದ ನೀರಿನಲ್ಲಿ ಬದುಕುವ ಮೀನಿಗೆ ಕಲ್ಲಿಗೆ ಅಂಟಿಕೊಳ್ಳುವ ಏರ್ಪಾಡು ಇರುತ್ತದೆ. ಅದು ಒಂದೊಂದು ಗುಂಪಿನಲ್ಲಿ ಒಂದೊಂದು ಬಗೆ. ಕೆಳತುಟಿಯ ಹಿಂದೆ ದುಂಡನೆಯ ಬಿಲ್ಲೆಯಿದ್ದರೆ ಅದು ಗಾರ್ರಾ. ಎದೆಯ ಚರ್ಮ ಉದ್ದುದ್ದಕ್ಕೆ ನೆರಿಗೆಗಟ್ಟಿ, ಬಾಯಿಯ ಸುತ್ತ ಮೀಸೆಗಳಿದ್ದು, ಮೈಮೇಲೆ ಹುರುಪೆ ಇಲ್ಲದಿದ್ದರೆ ಅದು ಗ್ಲಿಪ್ಟೋಥೊರಾಕ್ಸ್ ಎಂಬ ಬೆಕ್ಕುಮೀನು. ಎದೆಯ ಮತ್ತು ಹೊಟ್ಟೆಯ ಈಜುರೆಕ್ಕೆಗಳು ಅಡ್ಡಕ್ಕೆ ಅಗಲವಾಗಿ ಚಾಚಿ, ಹೊಟ್ಟೆ ಚಪ್ಪಟೆಯಾಗಿದ್ದರೆ ಅದು ಬಾಲಿಟೋರ.

ದಖ್ಖನ್ನಿನ ಗಾರ್ರಾ ಮುಲ್ಯಾ ಮತ್ತು ಗ್ಲಿಪ್ಟೋಥೊರಾಕ್ಸ್ ಲೋನಾ ಎರಡನ್ನೂ 1839ರಲ್ಲಿ ವರ್ಣಿಸಿದವರು ಸೇನಾಧಿಕಾರಿ ಡಬ್ಲ್ಯು. ಎಚ್. ಸೈಕ್ಸ್. ತುಂಗೆಯ ಗಾರ್ರಾ ಬೈಕಾರ್ನುಟದ ಮೂತಿಯ ಮೇಲೆ ಎರಡು ಕೊಂಬಿನಂಥ ಉಬ್ಬುಗಳಿವೆ. ಅದನ್ನು 1920ರಲ್ಲಿ ವರ್ಣಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾವ್.

ಉದ್ದನೆಯ, ತಳದಲ್ಲೇ ಇರುವ ಲೋಚ್ ಮೀನುಗಳಲ್ಲಿ ಎರಡು ಗುಂಪು. ಕಣ್ಣಿನ ಕೆಳಗೆ ಸೂಜಿಯ ಮೊನೆ ಆಡಿಸಿದಾಗ ಮಡಚಿಕೊಂಡ ಮುಳ್ಳು ಎದ್ದು ಬಂದರೆ ಅದು ಲೆಪಿಡೋಸೆಫಾಲಿಕ್ತಿಸ್. ಮುಳ್ಳಿಲ್ಲದೆ, ಮೈಮೇಲೆ ಅಡ್ಡಪಟ್ಟೆಗಳಿದ್ದರೆ ಸ್ಕಿಸ್ಟುರಾ ಆಗಿರುವ ಸಂಭವ ಹೆಚ್ಚು.

ಎಣಿಕೆ

ಹುರುಪೆಯಿರುವ ಬೆಳ್ಳಿಬಣ್ಣದ ಸಣ್ಣ ಗೆಂಡೆಜಾತಿಯ ಮೀನುಗಳಿಗೆ ಭೂತಗನ್ನಡಿ ಬೇಕು. ಬೆನ್ನಿನ ಈಜುರೆಕ್ಕೆಯ ಕೊನೆಯ ಕವಲೊಡೆಯದ ಕಡ್ಡಿಯ ಹಿಂಬದಿ ಗರಗಸದಂತಿದ್ದರೆ ಪೇಥಿಯ, ನುಣುಪಾಗಿದ್ದರೆ ಪುಂಟಿಯಸ್ ಸೊಫೋರ್‌ನಂಥವು. ಕಿವಿರಿನ ಹಿಂದಿನಿಂದ ಬಾಲದತ್ತ ಹೋಗುವ ಪಾರ್ಶ್ವರೇಖೆ ಪೂರ್ತಿ ಇದೆಯೋ, ನಡುವೆ ನಿಂತಿದೆಯೋ ಎಂದು ನೋಡಿ, ಆ ಸಾಲಿನ ಹುರುಪೆಗಳನ್ನು ಎಣಿಸಬೇಕು. ಗುದದ ಈಜುರೆಕ್ಕೆಯ ಕವಲೊಡೆದ ಕಡ್ಡಿಗಳು ಐದೇ ಇದ್ದರೆ ರಾಸ್ಬೋರ. ಅದರ ಎರಡರಷ್ಟಕ್ಕೂ ಹೆಚ್ಚಿದ್ದು ರೆಕ್ಕೆ ಉದ್ದವಾಗಿದ್ದರೆ ಡೆವಾರಿಯೊ.

ಬಣ್ಣ

ಇಷ್ಟಾದ ಮೇಲೆ ಬಣ್ಣ ನೆರವಿಗೆ ಬರುತ್ತದೆ. ರಾಸ್ಬೋರಕ್ಕೆ ಮೂತಿಯಿಂದ ಬಾಲದವರೆಗೆ ಒಂದೇ ಕಪ್ಪುಗೆರೆ. ಡೆವಾರಿಯೊಗೆ ನೀಲಿ, ಹಳದಿಯ ಹಲವು ಗೆರೆಗಳು. ಬರಿಲಿಯಸ್ ಬಳಗದ ಪಕ್ಕೆಗಳಲ್ಲಿ ನೀಲಿಛಾಯೆಯ ಲಂಬಪಟ್ಟೆ ಅಥವಾ ಚುಕ್ಕೆಗಳಿರುತ್ತವೆ. ಪೇಥಿಯ ಟಿಕ್ಟೊ ಎನ್ನಲಾಗುವ ಮೀನಿಗೆ ಕಿವಿರಿನ ಹಿಂದೊಂದು, ಬಾಲದ ಬುಡದ ಕಡೆಗೊಂದು ಕಪ್ಪುಚುಕ್ಕೆ.

ನದಿ

ಎರಡು ಚುಕ್ಕೆ ಕಂಡ ಕೂಡಲೇ ಟಿಕ್ಟೊ ಎಂದು ಬರೆದುಬಿಡುವಂತಿಲ್ಲ. ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಆ ಹೆಸರು ಕೊಟ್ಟದ್ದು ಗಂಗಾಪ್ರದೇಶದ ಮೀನಿಗೆ. ಕೃಷ್ಣೆಯ ಮೇಲ್ಭಾಗವನ್ನು ಸೂಕ್ಷ್ಮವಾಗಿ ಶೋಧಿಸಿದಾಗ ಬೇರೆ ಜಾತಿಗಳು ಹೊರಬಂದವು: 2014ರಲ್ಲಿ ಹಿರಣ್ಯಕೇಶಿಯಿಂದ ಪೇಥಿಯ ಲಾಂಜಿಕಾಡ, 2016ರಲ್ಲಿ ಭೀಮೆಯ ಉಪನದಿಗಳಾದ ಪವನಾ ಮತ್ತು ನೀರಾದಿಂದ ಪೇಥಿಯ ಸಂಜಯಮೋಲುರಿ. ಅಂಬೋಲಿಯ ದೇವಸ್ಥಾನದ ಕೊಳದಲ್ಲಿರುವ ಸ್ಕಿಸ್ಟುರಾ ಹಿರಣ್ಯಕೇಶಿ 2020ರಲ್ಲಿ ವರ್ಣಿತವಾಯಿತು. ಆ ಜಾಗವನ್ನು 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಜೀವವೈವಿಧ್ಯ ಪರಂಪರೆಯ ತಾಣವೆಂದು ಸಾರಿತು. ಹಳ್ಳದ ಮೀನು ಗುಡ್ಡ ದಾಟಿ ಇನ್ನೊಂದು ನದಿಗೆ ಹೋಗಲಾರದು. ಆದ್ದರಿಂದ ಸಿಕ್ಕ ಹಳ್ಳದ ಹೆಸರೂ ಗುರುತಿನ ಒಂದು ಲಕ್ಷಣ.

ಬಯಲಿನಲ್ಲಿ ಇನ್ನೊಂದು ಎಚ್ಚರ ಬೇಕು. ಗೂಗಲ್ ಬ್ಯಾರೇಜಿನ ಹಿಂದೆ ನಿಲ್ಲುವ ನೀರು ಕಲ್ಲಿಗಂಟುವ ಮೀನಿಗೆ ಒಗ್ಗುವಂಥದ್ದಲ್ಲ. ಬಯಲಿನ ಜಲಾಶಯಗಳಿಗೆ ಬಿಡುವ ಕಾಟ್ಲಾ, ರೋಹು ಮರಿಗಳನ್ನು ಸ್ಥಳೀಯ ಕಿರುಮೀನೆಂದು ಎಣಿಸುವ ಸಾಧ್ಯತೆಯಿದೆ. ಮೀಸೆಯಿಲ್ಲದೆ, ದೊಡ್ಡ ತಲೆ ಮತ್ತು ಮೇಲ್ಮುಖದ ಬಾಯಿ ಇದ್ದರೆ ಕಾಟ್ಲಾ ಮರಿ. ಸೊಳ್ಳೆ ನಿಯಂತ್ರಣಕ್ಕೆ ತಂದ ಗ್ಯಾಂಬೂಸಿಯ ಅಮೆರಿಕ ಮೂಲದ್ದು. ಅದರ ಬಾಲ ದುಂಡಗೆ, ಗಂಡಿನ ಗುದದ ಈಜುರೆಕ್ಕೆ ಕಡ್ಡಿಯಂತೆ ನೀಳವಾಗಿರುತ್ತದೆ.

ದಾಖಲೆ

ಮೀನು ಜೀವಂತವಿರುವಾಗಲೇ ನೀರು ತುಂಬಿದ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಿಂದ, ಅಳತೆಪಟ್ಟಿಯ ಸಮೇತ ಚಿತ್ರ ತೆಗೆಯಬೇಕು. ಉದ್ದವನ್ನು ಮೂತಿಯ ತುದಿಯಿಂದ ಬಾಲದ ಈಜುರೆಕ್ಕೆಯ ಬುಡದವರೆಗೆ ಅಳೆಯುತ್ತಾರೆ. ಬಾಲದ ತುದಿ ಹರಿದಿರಬಹುದಾದ್ದರಿಂದ ಅದನ್ನು ಸೇರಿಸುವುದಿಲ್ಲ. ಮಾದರಿ ಇಡಲು ಅನುಮತಿಯಿದ್ದರೆ ರಚನೆಯ ಅಧ್ಯಯನಕ್ಕೆ ಫಾರ್ಮಾಲಿನ್, ಡಿಎನ್ಎ ಪರೀಕ್ಷೆಗೆ ಆಲ್ಕೋಹಾಲ್ ಬಳಸಬೇಕು. ಚೀಟಿಯಲ್ಲಿ ಹಳ್ಳ, ಅದು ಸೇರುವ ನದಿ, ತಾರೀಖು, ತಳದ ಸ್ವರೂಪ ಇರಬೇಕು. ಜಾತಿಯ ಹೆಸರು ಖಚಿತವಾಗದಿದ್ದರೆ ಕುಲದ ಹೆಸರನ್ನಷ್ಟೇ ಬರೆದು ನಿಲ್ಲಿಸುವುದು ಸರಿಯಾದ ಕ್ರಮ.