ಗಡಿಯಾರ ಗೆದ್ದ ಗಿರ್ಮಾ



ಇವತ್ತು ನಾನು ಮಾತಾಡುತ್ತಿರುವುದು ಇಥಿಯೋಪಿಯಾದ ಲಮೆಚಾ ಗಿರ್ಮಾ ಬಗ್ಗೆ. 3000 ಮೀಟರ್ ಸ್ಟೀಪಲ್‌ಚೇಸ್ ಓಟದ ವಿಶ್ವದಾಖಲೆ ಇವನ ಹೆಸರಲ್ಲಿದೆ. ಆದರೆ ಒಲಿಂಪಿಕ್ಸ್ ಚಿನ್ನವಿಲ್ಲ, ವಿಶ್ವ ಚಾಂಪಿಯನ್‌ಷಿಪ್ ಚಿನ್ನವೂ ಇಲ್ಲ. ಎಲ್ಲರಿಗಿಂತ ವೇಗವಾಗಿ ಓಡಿದವನು ಅಲ್ಲಿ ಯಾಕೆ ಒಮ್ಮೆಯೂ ಮೊದಲಿಗನಾಗಲಿಲ್ಲ?

ಮೊದಲು ಓಟವನ್ನು ನೋಡೋಣ. ಇದು ಕುದುರೆಗಳಿಂದ ಮನುಷ್ಯರಿಗೆ ಬಂದದ್ದು. 1752ರಲ್ಲಿ ಐರ್ಲೆಂಡಿನಲ್ಲಿ ಇಬ್ಬರು ಸವಾರರು ಒಂದು ಊರಿನ ಚರ್ಚಿನಿಂದ ಇನ್ನೊಂದು ಊರಿನ ಚರ್ಚಿಗೆ, ಬೇಲಿ, ಹಳ್ಳ ಎಲ್ಲ ಹಾರಿಕೊಂಡು ಪಂದ್ಯ ಕಟ್ಟಿ ಓಡಿಸಿದರು. ಸುಮಾರು ನೂರು ವರ್ಷದ ಮೇಲೆ ಆಕ್ಸ್‌ಫರ್ಡ್ ಹುಡುಗರು ಕುದುರೆ ಬಿಟ್ಟು ತಾವೇ ಓಡಿದರು. ಟಿಪ್ಪು ಕಾಲದಿಂದ ಕುದುರೆ ಸಾಕುತ್ತ ಬಂದ ಕುಣಿಗಲ್ ಫಾರ್ಮಿನ ಕುದುರೆಗಳನ್ನು ನೀವು ನೋಡಿರುತ್ತೀರಿ. ಆದರೆ ಬೆಂಗಳೂರು, ಮೈಸೂರಿನ ರೇಸುಗಳಲ್ಲಿ ಹಾರುವುದಿಲ್ಲ, ಬರೀ ಓಡುವುದು. ಹಾಗಾಗಿ ನಮಗೆ ಈ ಆಟದ ಪರಿಚಯ ಕಮ್ಮಿ.

ಒಂದು ಓಟದಲ್ಲಿ 28 ಸಲ ತೊಲೆ ದಾಟಬೇಕು, 7 ಸಲ ನೀರಿನ ಗುಂಡಿ ಹಾರಬೇಕು. ಗಂಡಸರ ತೊಲೆ 91.4 ಸೆಂಟಿಮೀಟರ್ ಎತ್ತರ. ಮಾಮೂಲಿ ಹರ್ಡಲ್ಸ್‌ನಲ್ಲಿ ಕಾಲು ತಗುಲಿದರೆ ಚೌಕಟ್ಟು ಬೀಳುತ್ತದೆ, ಓಟಗಾರ ಮುಂದೆ ಹೋಗುತ್ತಾನೆ. ಇಲ್ಲಿ ಅದು 80ರಿಂದ 100 ಕಿಲೋ ತೂಗುವ ತೊಲೆ. ತಗುಲಿದರೆ ಬೀಳುವುದು ಓಟಗಾರನೇ. ಇದೊಂದನ್ನು ನೆನಪಿಟ್ಟುಕೊಳ್ಳಿ.

ಗಿರ್ಮಾ ಹುಟ್ಟಿದ್ದು 2000ದ ನವೆಂಬರಿನಲ್ಲಿ, ಇಥಿಯೋಪಿಯಾದ ಅಸೆಲ್ಲಾದಲ್ಲಿ. ಓಟಗಾರ ಹೈಲೆ ಗೆಬ್ರೆಸೆಲಾಸಿಯ ಸೀಮೆ ಅದು. ಎತ್ತರ ಎರಡು ಸಾವಿರದ ನಾನ್ನೂರು ಮೀಟರ್ ಆಸುಪಾಸು, ಅಂದರೆ ನಮ್ಮ ದೇವರಾಯನದುರ್ಗದ ಎರಡರಷ್ಟು. ಗಾಳಿ ತೆಳುವಾದ ಅಂಥ ಕಡೆ ಬೆಳೆದವರ ರಕ್ತ ಆಮ್ಲಜನಕ ಹೊರುವುದರಲ್ಲಿ ಪಳಗಿರುತ್ತದೆ. ಎಲ್ಲವನ್ನೂ ಎತ್ತರದ ಲೆಕ್ಕಕ್ಕೆ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಎತ್ತರದ ಊರುಗಳು ಲೋಕದಲ್ಲಿ ಬೇಕಾದಷ್ಟಿವೆ.

2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇವನಿಗಿನ್ನೂ ಹದಿನೆಂಟು. ಕೀನ್ಯಾದ ಕಾನ್ಸೆಸ್ಲಸ್ ಕಿಪ್ರುಟೊ 8 ನಿಮಿಷ 1.35 ಸೆಕೆಂಡಿಗೆ ಗೆರೆ ಮುಟ್ಟಿದ, ಗಿರ್ಮಾ 8 ನಿಮಿಷ 1.36ಕ್ಕೆ. ಸೆಕೆಂಡಿನ ನೂರನೇ ಒಂದು ಪಾಲು! ಅದೇ ಫೈನಲ್‌ನಲ್ಲಿ ನಮ್ಮ ಅವಿನಾಶ್ ಸಾಬ್ಳೆ ಭಾರತದ ದಾಖಲೆ ಬರೆದು ಹದಿಮೂರನೆಯವನಾದ. ಬೀಡ್ ಜಿಲ್ಲೆಯವನಾದರೂ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ ತರಬೇತಿ ಪಡೆದ ಹುಡುಗ ಅಂತ ನಾವೂ ಸ್ವಲ್ಪ ಹಕ್ಕು ಹೇಳಬಹುದು.

ದೋಹಾ ಆದಮೇಲೆ ಟೋಕಿಯೊ ಒಲಿಂಪಿಕ್ಸ್, 2022ರ ಯೂಜೀನ್, 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ಗಳು. ಮೂರರಲ್ಲೂ ಮೊರಾಕ್ಕೊದ ಸೂಫಿಯಾನ್ ಎಲ್ ಬಕ್ಕಾಲಿಗೆ ಚಿನ್ನ, ಗಿರ್ಮಾಗೆ ಬೆಳ್ಳಿ.

ಈಗ ಗಡಿಯಾರದ ಕಡೆ ಬನ್ನಿ. 2023ರ ಫೆಬ್ರವರಿಯಲ್ಲಿ ಫ್ರಾನ್ಸಿನ ಲಿಯೆವಾನ್‌ನಲ್ಲಿ, ತಡೆಗಳಿಲ್ಲದ ಒಳಾಂಗಣ 3000 ಮೀಟರನ್ನು 7 ನಿಮಿಷ 23.81 ಸೆಕೆಂಡಿನಲ್ಲಿ ಮುಗಿಸಿ, ಡೇನಿಯಲ್ ಕೊಮೆನ್‌ನ ಇಪ್ಪತ್ತೈದು ವರ್ಷದ ದಾಖಲೆ ಮುರಿದ. ಜೂನ್ 9ರಂದು ಪ್ಯಾರಿಸ್‌ನಲ್ಲಿ ಸ್ಟೀಪಲ್‌ಚೇಸ್ 7 ನಿಮಿಷ 52.11 ಸೆಕೆಂಡ್. ಸೈಫ್ ಸಯೀದ್ ಶಾಹೀನ್ 2004ರಲ್ಲಿ ಬರೆದ ದಾಖಲೆ ಅವತ್ತು ಹೋಯಿತು. ಆ ವೇಗ ಕಾಯ್ದುಕೊಂಡರೆ ನಮ್ಮ ತುಮಕೂರಿನ ಟೌನ್‌ಹಾಲ್ ಸರ್ಕಲ್‌ನಿಂದ ಹೊರಟವನು ಒಂದು ಗಂಟೆಯೊಳಗೆ ಗುಬ್ಬಿ ಮುಟ್ಟುತ್ತಾನೆ, ಅದೂ ದಾರಿಯುದ್ದಕ್ಕೂ ತೊಲೆ ಹಾರಿಕೊಂಡು.

ಪ್ಯಾರಿಸ್‌ನಲ್ಲಿ ವೇಗ ಹಾಕಿಕೊಡುವ ಓಟಗಾರರಿದ್ದರು, ಟ್ರ್ಯಾಕಿನ ಅಂಚಲ್ಲಿ ದಾಖಲೆಯ ವೇಗಕ್ಕೆ ಸರಿಯಾಗಿ ಓಡುವ ದೀಪಗಳಿದ್ದವು. ಒಲಿಂಪಿಕ್ಸ್‌ನಲ್ಲಿ ಅವೆರಡೂ ಇಲ್ಲ. ಅಲ್ಲಿ ಒಬ್ಬರನ್ನೊಬ್ಬರು ಕಾಯುತ್ತ ಓಡುತ್ತಾರೆ. ಎಲ್ ಬಕ್ಕಾಲಿ ಕಾಯುವುದರಲ್ಲಿ ನಿಸ್ಸೀಮ. ಕೊನೇ ಸುತ್ತಿನವರೆಗೂ ಉಸಿರು ಉಳಿಸಿಕೊಂಡು, ಆಮೇಲೆ ಬಿಡುತ್ತಾನೆ. ಗಿರ್ಮಾ ಶಕ್ತಿವಂತ, ಎಲ್ ಬಕ್ಕಾಲಿ ಲೆಕ್ಕಗಾರ. ನನ್ನ ತೀರ್ಮಾನ ಇಷ್ಟೇ, ಒಪ್ಪದವರು ವಾದ ಮಾಡಬಹುದು.

2024ರ ಆಗಸ್ಟ್ 7, ಪ್ಯಾರಿಸ್ ಒಲಿಂಪಿಕ್ಸ್ ಫೈನಲ್. ಕೊನೇ ಸುತ್ತಿನಲ್ಲಿ ಗಿರ್ಮಾ ಮುಂದಿನವರ ಜೊತೆಗೇ ಇದ್ದ. ತೊಲೆ ದಾಟುವಾಗ ಹಿಂದಿನ ಕಾಲು ತಗುಲಿತು. ತೊಲೆ ಅಲ್ಲಾಡಲಿಲ್ಲ. ತಲೆ ನೆಲಕ್ಕೆ ಬಡಿದು ಬಿದ್ದವನು ಏಳಲಿಲ್ಲ, ಸ್ಟ್ರೆಚರ್‌ನಲ್ಲಿ ಹೊತ್ತೊಯ್ದರು. ಅತ್ತ ಎಲ್ ಬಕ್ಕಾಲಿ ಎರಡನೇ ಒಲಿಂಪಿಕ್ ಚಿನ್ನ ಗೆದ್ದ.

ಗಿರ್ಮಾ ಚೇತರಿಸಿಕೊಂಡು ಮತ್ತೆ ಟ್ರ್ಯಾಕಿಗೆ ಬಂದ. 2025ರ ಸೆಪ್ಟೆಂಬರಿನಲ್ಲಿ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಓಡಿದ, ಪದಕ ಸಿಗಲಿಲ್ಲ. ಅಲ್ಲಿ ಎಲ್ಲರೂ ಎಷ್ಟು ಕಾದರೆಂದರೆ, ಗೆದ್ದ ನ್ಯೂಜಿಲೆಂಡಿನ ಜಾರ್ಡಿ ಬೀಮಿಶ್‌ನ ಸಮಯ 8 ನಿಮಿಷ 33.88 ಸೆಕೆಂಡ್. ಗಿರ್ಮಾನ ದಾಖಲೆಗಿಂತ ನಲವತ್ತೊಂದು ಸೆಕೆಂಡಿಗೂ ಹೆಚ್ಚು ನಿಧಾನ. ಎಲ್ ಬಕ್ಕಾಲಿ ಸೋತಿದ್ದು ಸೆಕೆಂಡಿನ ನೂರನೇ ಏಳು ಪಾಲಿನಿಂದ, ಕಾಯುವುದರಲ್ಲಿ ತನ್ನನ್ನು ಮೀರಿಸಿದವನಿಗೆ.